ಅರ್ಧ ಅಂಕಕ್ಕೂ ಒಂದು ಚಪ್ಪಾಳೆ



ವೃತ್ತಿಯಲ್ಲಿ ನಾನು ಚಾರ್ಟರ್ಡ್ ಅಕೌಂಟೆಂಟ್. ಶನಿವಾರ ಬೆಳಿಗ್ಗೆ ಇಲ್ಲೇ ಕ್ರೇಗಿಬರ್ನಿನಲ್ಲಿ ನಮ್ಮ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಈ ವರ್ಷದ ಶಾಲಾ ಟೂರ್ನಿಗಳಲ್ಲಿ ನಮ್ಮ ಹನ್ನೊಂದು ಮಕ್ಕಳು ಆಡಿದರು, ಮೂವರು ಟ್ರೋಫಿ ತಂದರು. ಮೊದಲು ಆ ಮೂವರಿಗೆ ಜೋರಾಗಿ ಚಪ್ಪಾಳೆ ಬರಲಿ.

ಈಗ ಉಳಿದ ಎಂಟು ಮಕ್ಕಳ ಲೆಕ್ಕ ನೋಡೋಣ. ಒಂದು ಆಟದಲ್ಲಿ ಹಂಚಲು ಇರುವುದು ಒಂದೇ ಅಂಕ. ಗೆದ್ದವರಿಗೆ ಪೂರ್ತಿ, ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ. ಏಳು ಸುತ್ತಿನ ಟೂರ್ನಿಯಲ್ಲಿ ನೂರು ಮಕ್ಕಳು ಎಲ್ಲ ಸುತ್ತೂ ಆಡಿದರೆ ತಲಾ ಸರಾಸರಿ ಮೂರೂವರೆ ಅಂಕ, ಅಷ್ಟೇ. ಪ್ರತಿ ಮನೆಯ ಮಗುವೂ ಆರು ಅಂಕ ತರಬೇಕೆಂದರೆ ಆ ಲೆಕ್ಕಕ್ಕೆ ಯಾವ ಆಡಿಟರೂ ಸಹಿ ಹಾಕಲಾರರು!

ಹಾಗಾದರೆ ಎರಡೂವರೆ ತಂದ ಮಗುವಿನ ಯಶಸ್ಸನ್ನು ಅಳೆಯುವುದು ಹೇಗೆ? ನಾನು ನೋಡುವುದು ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟ್. ನಮ್ಮ ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೋದ ವರ್ಷ ಹತ್ತೇ ನಿಮಿಷದಲ್ಲಿ ಸೋತು ಎದ್ದು ಬರುತ್ತಿದ್ದಳು. ಈ ಸಲ ಕೊನೆಯ ಸುತ್ತಿನಲ್ಲಿ ಆನೆ ಕಳೆದುಕೊಂಡ ಮೇಲೂ ಐವತ್ತೆಂಟು ನಡೆ ಆಡಿ ಡ್ರಾ ಮಾಡಿಕೊಂಡಳು. ಆಮೇಲೆ ಹಾಳೆ ಹಿಡಿದುಕೊಂಡು ಬಂದು, "ಅಂಕಲ್, ಕುದುರೆ ಮೊದಲೇ ಈ ಕಡೆ ತಂದಿದ್ರೆ ಆನೆ ಹೋಗ್ತಿರ್ಲಿಲ್ಲ" ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದಳು. ನನ್ನ ಪಾಲಿಗೆ ಈ ವರ್ಷದ ದೊಡ್ಡ ಗೆಲುವು ಅದು.

ಮೈಸೂರಿನ ಇಬ್ಬರು ಆಟಗಾರರನ್ನು ನೆನೆಯಿರಿ. ಗಿರೀಶ್ ಕೌಶಿಕ್ 2007ರಲ್ಲಿ ಹತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದರು. ಗ್ರ್ಯಾಂಡ್‌ಮಾಸ್ಟರ್ ಆದದ್ದು 2019ರಲ್ಲಿ. ರೈಲ್ವೆ ನೌಕರಿಯ ಜೊತೆಗೇ ಆಡುತ್ತಾ ಬಂದ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರ ವಯಸ್ಸು ಮೂವತ್ತೈದು ದಾಟಿತ್ತು. ಜಗತ್ತನ್ನೇ ಗೆದ್ದ ಹುಡುಗನಿಗೂ ಮತ್ತೆ ಹನ್ನೆರಡು ವರ್ಷ ಬೇಕಾಯಿತು. ನಮ್ಮ ಮಕ್ಕಳಿಗೆ ನಾವು ಕೊಡುವುದು ಒಂದು ಭಾನುವಾರವೇ?

ಹೋದ ವರ್ಷ ಚೆನ್ನಾಗಿ ಆಡುತ್ತಿದ್ದ ಇಬ್ಬರು ಮಕ್ಕಳು ಆಟವನ್ನೇ ಬಿಟ್ಟರು. ಸೋಲಿಗಿಂತ ಹೆಚ್ಚಾಗಿ, ಮನೆಗೆ ಹೋಗುವಾಗ ಕಾರಿನಲ್ಲಿ ನಡೆಯುವ ವಿಚಾರಣೆಗೆ ಅವರು ಹೆದರಿದ್ದರು. ಅದಕ್ಕೇ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. "ಎಷ್ಟು ಗೆದ್ದೆ?" ಎಂಬ ಪ್ರಶ್ನೆಯನ್ನು ಆಮೇಲಕ್ಕೆ ಇಟ್ಟುಕೊಳ್ಳಿ. "ಯಾವ ಆಟ ಚೆನ್ನಾಗಿತ್ತು ಪುಟ್ಟಾ, ತೋರಿಸು" ಎಂದು ಮೊದಲು ಕೇಳಿ. ನಿಮಗೆ ಆಟ ಬರದಿದ್ದರೂ ಚಿಂತೆಯಿಲ್ಲ, ಮಕ್ಕಳೇ ಕಲಿಸುತ್ತಾರೆ.

ಈಗ ಆ ಎಂಟು ಮಕ್ಕಳೂ ಎದ್ದು ನಿಲ್ಲಲಿ. ಅವರಿಗೂ ಅಷ್ಟೇ ಜೋರಾಗಿ ಚಪ್ಪಾಳೆ ಬರಲಿ.