ಬಂದೂಕಿನ ಜೊತೆಗೊಂದು ಪಾಠ

ಎನ್.ಸಿ.ಸಿ. ವಿದ್ಯಾರ್ಥಿ ಮಿತ್ರರೇ,

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಆ ದಿನ ಬರಲಿಲ್ಲ. ಅವು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರು ಭಾರತ ಒಕ್ಕೂಟ ಸೇರಲು ಒಪ್ಪಿರಲಿಲ್ಲ. ಆಳಂದದ ಪಶ್ಚಿಮಕ್ಕೆ ಸೊಲ್ಲಾಪುರ ಸೀಮೆ, ಅಫಜಲಪುರ, ಜೇವರ್ಗಿಗಳ ಆಚೆ ವಿಜಾಪುರ ಜಿಲ್ಲೆ. ಗಡಿ ದಾಟಿದರೆ ಸ್ವತಂತ್ರ ಭಾರತ! ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳು ಹುಟ್ಟಿದ್ದು ಈ ಗಡಿಯ ಗುಂಟವೇ. ದಕ್ಷಿಣಕ್ಕೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. ರಜಾಕಾರರ ದಾಳಿಯಿಂದ ನೊಂದು ಬಂದ ಹಳ್ಳಿಯ ಹುಡುಗರು ಇಂಥ ಶಿಬಿರಗಳಲ್ಲಿ ಬಂದೂಕು ಹಿಡಿಯುವುದನ್ನು ಕಲಿತರು. ಅದರೊಂದಿಗೆ ಇತಿಹಾಸವನ್ನೂ ದೇಶದ ಆಗುಹೋಗುಗಳನ್ನೂ ಕಲಿಸಲಾಗುತ್ತಿತ್ತು.

ಪ್ರಾಣಸಂಕಟದ ಹೊತ್ತಿನಲ್ಲಿ ಪಾಠವೇಕೆ ಎನ್ನುತ್ತೀರಿ. ಸಂಸ್ಥಾನದಲ್ಲಿ ಸಭೆ ಸೇರಬೇಕಾದರೆ ಮೊದಲೇ ಅಪ್ಪಣೆ ಬೇಕಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿ. ಕನ್ನಡದ ಹುಡುಗನಿಗೆ ತನ್ನ ನಾಡಿನ ಸಂಗತಿಯೇ ಎಟುಕುತ್ತಿರಲಿಲ್ಲ. ಚಳವಳಿಯ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಮೂಲತಃ ಹಿಪ್ಪರಗಾದ ರಾಷ್ಟ್ರೀಯ ಶಾಲೆಯ ಮೇಷ್ಟ್ರು ಎಂಬುದನ್ನೂ ಮರೆಯಬಾರದು.

ಎರಡನೆಯ ಕಾರಣ ಇನ್ನೂ ದೊಡ್ಡದು. ಬಂದೂಕು ಹಿಡಿದವನಿಗೆ ಗುರಿ ಯಾವುದೆಂದು ತಿಳಿದಿರಬೇಕು. ಹೋರಾಟ ಜವಾಬ್ದಾರಿ ಸರ್ಕಾರಕ್ಕಾಗಿ, ಒಂದು ಮತದ ವಿರುದ್ಧವಲ್ಲ. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಮುಸ್ಲಿಮರೇ. ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದದ್ದೇ ಅವರ ತಪ್ಪು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರಂದು ನಿಜಾಮರು ಶರಣಾದರು. ನಾವು ಪ್ರತಿವರ್ಷ ಧ್ವಜ ಏರಿಸುವುದು ಆ ದಿನಕ್ಕೆ. ಆದರೆ ಮುಂದಿನ ವಾರಗಳಲ್ಲಿ ಸೇಡಿನ ಕಿಚ್ಚು ನಿರಪರಾಧಿಗಳ ಮನೆಗೂ ಹತ್ತಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಕಾರ್ಯಾಚರಣೆಯ ಕಾಲದಲ್ಲೂ ನಂತರವೂ ಕನಿಷ್ಠ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು, ಹೆಚ್ಚಿನವರು ಮುಸ್ಲಿಮರು. ತೀರ ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾವೂ ಒಂದು. ಶಿಬಿರದ ಪಾಠ ಊರೂರಿಗೆ ಮುಟ್ಟಿರಲಿಲ್ಲ.

ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಇಂದಿಗೂ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ. ಕೆಲವು ವಾರಗಳ ದ್ವೇಷಕ್ಕಿಂತ ಆ ನಂಟು ಹಳೆಯದು. ಆ ಕಾಲ ಕಂಡವರು ಈಗ ಬೆರಳೆಣಿಕೆಯಷ್ಟು. ಅವರ ಬಳಿ ಕೂತು ರಜಾಕಾರರ ಕಾಲದ ಕಥೆ ಕೇಳಿ. ಅದು ಮುಗಿದ ಮೇಲೆ ಏನಾಯಿತೆಂದೂ ಕೇಳಿ. ಕವಾಯತಿನಷ್ಟೇ ಅದೂ ನಿಮ್ಮ ತರಬೇತಿ.