ಪುರುಸೊತ್ತು ಮತ್ತು ಸಾವಧಾನ



ಪಾವಗಡ ತಾಲ್ಲೂಕಿನ ನಾಗಲಮಡಿಕೆ ಉತ್ತರ ಪಿನಾಕಿನಿಯ ದಂಡೆಯ ಮೇಲಿರುವ ಊರು. ಅಲ್ಲಿಯ ಸುಬ್ರಹ್ಮಣ್ಯನನ್ನು ಜನ ಅಂತ್ಯ ಸುಬ್ರಹ್ಮಣ್ಯನೆಂದು ಕರೆಯುತ್ತಾರೆ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ. ಈ ದೇವರು ಇಲ್ಲಿಗೆ ಬಂದುದಕ್ಕೆ ಒಂದು ಕಥೆಯಿದೆ. ಅನ್ನಂಭಟ್ಟರೆಂಬ ಭಕ್ತರು ವರ್ಷವರ್ಷವೂ ಕುಕ್ಕೆಯ ರಥೋತ್ಸವಕ್ಕೆ ನಡೆದು ಹೋಗುತ್ತಿದ್ದರಂತೆ. ಮುಪ್ಪು ಬಂದಿತು, ಹೆಜ್ಜೆ ನಿಧಾನವಾಯಿತು. ಒಂದು ವರ್ಷ ಅವರು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಎಷ್ಟು ಎಳೆದರೂ ರಥ ಕದಲಲಿಲ್ಲ. ಮುದುಕರು ಬಂದು ಸೇರಿದ ಮೇಲೆಯೇ ಅದು ಮುಂದೆ ಸಾಗಿತು. ‘ಇನ್ನು ನೀನು ಬರುವುದು ಬೇಡ, ನಾನೇ ಬರುತ್ತೇನೆ’ ಎಂದು ಸ್ವಾಮಿ ಕನಸಿನಲ್ಲಿ ನುಡಿದನಂತೆ. ಪಿನಾಕಿನಿಯ ದಡದ ಹೊಲದಲ್ಲಿ ನಾಗಶಿಲೆಯೊಂದು ನೇಗಿಲಿಗೆ ತಗುಲಿತಂತೆ. ಆ ಸೀಮೆಯ ಆಡುಮಾತಿನಲ್ಲಿ ಮಡಕೆ ಎಂದರೆ ನೇಗಿಲು. ಊರಿನ ಹೆಸರನ್ನು ಜನ ಈ ಕಥೆಯೊಡನೆ ಸೇರಿಸಿ ಹೇಳುತ್ತಾರೆ.

ಕಥೆಯ ನಿಜಾನಿಜಗಳ ಚರ್ಚೆ ನನ್ನ ಉದ್ದೇಶವಲ್ಲ. ದೇವರ ರಥವೇ ನಿಧಾನಿಯೊಬ್ಬನಿಗಾಗಿ ಕಾದು ನಿಂತಿತೆಂದು ನಂಬಿದ ಜನ, ಕಾಲವನ್ನು ನಮಗಿಂತ ಬೇರೆ ಬಗೆಯಲ್ಲಿ ಕಂಡಿದ್ದರು ಎಂಬುದಷ್ಟೇ ನನಗೆ ಮುಖ್ಯ. ಕುಕ್ಕೆಯ ಚಂಪಾಷಷ್ಠಿ ಮಾರ್ಗಶಿರದಲ್ಲಿ. ನಾಗಲಮಡಿಕೆಯ ರಥ ಒಂದು ತಿಂಗಳು ಕಳೆದು, ಪುಷ್ಯ ಶುದ್ಧ ಷಷ್ಠಿಯಂದು. ಘಟ್ಟದಿಂದ ಕಾಲುನಡಿಗೆಯಲ್ಲಿ ಹಿಂದಿರುಗುವವನಿಗೆಂದು ಬಿಟ್ಟ ಅವಧಿಯೋ ಏನೋ ಎಂದು ನನಗೆ ಅನ್ನಿಸಿದ್ದುಂಟು.

ಸುಮಾರು ನಲವತ್ತು ವರ್ಷಗಳ ಹಿಂದೆ ನಾನು ಆ ಊರಿಗೆ ಮೊದಲು ಹೋದೆ. ಮುಂಗಾರು ತಡವಾಗಿತ್ತು. ಮನೆಯ ಜಗುಲಿಗಳಲ್ಲಿ ಹೆಂಗಸರು ಬಿತ್ತನೆಯ ಕಡಲೆಕಾಯಿಯನ್ನು ಒಂದೊಂದಾಗಿ ಸುಲಿಯುತ್ತಿದ್ದರು. ಬೀಜದ ಮೇಲಿನ ಕೆಂಪು ಸಿಪ್ಪೆ ಒಡೆಯಬಾರದು. ಒಡೆದರೆ ಮೊಳಕೆ ಕೆಡುತ್ತದೆ. ಪಕ್ಕದಲ್ಲಿ ಹಿರಿಯ ರೈತರೊಬ್ಬರು ಹಗ್ಗ ಹೊಸೆಯುತ್ತ ಕುಳಿತಿದ್ದರು. ಹೊಸದಾಗಿ ಅಧ್ಯಾಪಕನಾಗಿದ್ದ ನನಗೆ ಉಪದೇಶದ ಹುಮ್ಮಸ್ಸು. ‘ಹೀಗೆ ಕುಳಿತರೆ ಬಿತ್ತನೆ ಯಾವಾಗ?’ ಎಂದೆ. ಅವರು ತಲೆಯೆತ್ತದೆ, ‘ಹದ ಬರಬೇಕಲ್ಲ ಸ್ವಾಮಿ. ನಾವು ಆತುರಪಟ್ರೆ ಮೋಡ ಆತುರಪಡ್ತದಾ?’ ಎಂದರು.

ಹದ. ನಮ್ಮ ನುಡಿಯ ಅತ್ಯಂತ ತೂಕದ ಮಾತುಗಳಲ್ಲಿ ಇದೊಂದು. ನೆಲಕ್ಕೆ ಹದವಿದೆ, ಪಾಕಕ್ಕೆ ಹದವಿದೆ, ಮಾತಿಗೂ ಹದವಿದೆ. ಅದು ಗಡಿಯಾರಕ್ಕೆ ತಿಳಿಯುವುದಿಲ್ಲ; ಕೈಗೆ ತಿಳಿಯುತ್ತದೆ. ಅಂದು ನಾನು ಸೋಮಾರಿತನವೆಂದು ಭಾವಿಸಿದ್ದು ಒಂದು ಬಗೆಯ ಎಚ್ಚರವಾಗಿತ್ತು. ಮದುವೆಯ ಮಂಟಪದಲ್ಲಿ ಪುರೋಹಿತರು ‘ಸಾವಧಾನ’ ಎನ್ನುವುದನ್ನು ಕೇಳಿದ್ದೇವೆ. ಅವಧಾನದೊಡನೆ ಇರುವುದು, ಎಂದರೆ ಗಮನವಿಟ್ಟಿರುವುದು, ಎಂಬುದೇ ಅದರ ಅರ್ಥ. ಕನ್ನಡದಲ್ಲಿ ಅದೇ ಮಾತು ‘ನಿಧಾನವಾಗಿ’ ಎಂಬ ಅರ್ಥಕ್ಕೂ ಸಂದಿದೆ. ಈ ಎರಡೂ ಅರ್ಥಗಳು ಒಂದೇ ಮಾತಿನಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲವೆಂದು ನನ್ನ ನಂಬಿಕೆ.

ಹಾಗೆಂದು ಆ ಬದುಕನ್ನು ಸ್ವರ್ಗವೆಂದು ಬಣ್ಣಿಸಲಾರೆ. ಪಾವಗಡ ಬರದ ಸೀಮೆ. ಮಳೆಯನ್ನೇ ನಂಬಿದ ಕಡಲೆಕಾಯಿಯ ಬೆಳೆ ಎಷ್ಟೋ ಸಲ ಬೀಜದ ಖರ್ಚನ್ನೂ ಹಿಂದಕ್ಕೆ ಕೊಡುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ವಿಷ. ಕಾಯುವುದು ಅಲ್ಲಿ ಬರಿಯ ಗುಣವಲ್ಲ, ಗತಿಯೂ ಹೌದು.

ಏಜಿಯನ್ ಸಮುದ್ರದಲ್ಲಿ ಇಕಾರಿಯ ಎಂಬ ಗ್ರೀಕ್ ದ್ವೀಪವಿದೆ. ಅಲ್ಲಿಯ ಜನರ ದೀರ್ಘಾಯುಷ್ಯವೂ ಅವಸರವಿಲ್ಲದ ನಡೆಯೂ ಈಗ ಲೋಕಪ್ರಸಿದ್ಧ. ಮಧ್ಯಾಹ್ನದ ನಿದ್ದೆ, ನಮ್ಮ ಜಾತ್ರೆಗಳಂತೆ ಇರುಳೆಲ್ಲ ನಡೆಯುವ ಹಬ್ಬಗಳು, ನೆರೆಹೊರೆಯವರೊಡನೆ ಮುಗಿಯದ ಮಾತು. ಹೊಗಳುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅಲ್ಲಿಯ ಮುದುಕರು ಕಡಿದಾದ ಇಳಿಜಾರುಗಳಲ್ಲಿ ತೋಟ ಅಗೆಯುತ್ತಾರೆ, ಬಳ್ಳಿ ಸವರುತ್ತಾರೆ ಎಂಬುದನ್ನೂ, ಬಡತನ ತಾಳಲಾರದೆ ಎಷ್ಟೋ ಮಂದಿ ಹಿಂದೆ ಅಮೆರಿಕಕ್ಕೆ ವಲಸೆ ಹೋದರೆಂಬುದನ್ನೂ ಮರೆಯುತ್ತಾರೆ. ಅಲ್ಲಿಯೂ ನಿಧಾನವೆಂದರೆ ಕೆಲಸವಿಲ್ಲದಿರುವುದಲ್ಲ, ಕೆಲಸವನ್ನು ಹದವರಿತು ಮಾಡುವುದು. ಸೂರ್ಯನ ಬಳಿಗೆ ಹಾರಿ, ಮೇಣದ ರೆಕ್ಕೆ ಕರಗಿ ಕಡಲಿಗೆ ಬಿದ್ದ ಇಕಾರಸನ ಹೆಸರನ್ನು ಆ ದ್ವೀಪ ಹೊತ್ತಿರುವುದು ವಿಚಿತ್ರವೇ ಸರಿ.

ನಾಗಲಮಡಿಕೆಯ ಸೀಮೆಗೂ ಈಗ ಸೂರ್ಯನ ನಂಟು ಕೂಡಿಬಂದಿದೆ. ತಿರುಮಣಿಯೇ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2018ರಲ್ಲಿ ಸೌರವಿದ್ಯುತ್ ಉದ್ಯಾನ ಆರಂಭವಾಯಿತು. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ನೆಲವನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮೋಡವನ್ನು ನೋಡಿ ನೋಡಿ ಕಣ್ಣು ಸೋತವರಿಗೆ ಇದು ಸಣ್ಣ ಮಾತಲ್ಲ. ಆದರೆ ನೆಲವಿಲ್ಲದ ಕೂಲಿಯವನಿಗೆ ಗುತ್ತಿಗೆಯ ಹಣವಿಲ್ಲ. ಕುರಿ ಕಾಯುವವನಿಗೆ ಬಯಲಿಲ್ಲ.

ಇತ್ತೀಚೆಗೆ ಆ ಕಡೆ ಹೋದಾಗ, ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದ ಯುವಕನೊಬ್ಬನೊಡನೆ ಮಾತಿಗೆ ಕುಳಿತೆ. ‘ದುಡ್ಡಿಗೆ ಮೋಸ ಇಲ್ಲ ಸಾರ್. ಪುರುಸೊತ್ತೂ ಬೇಕಾದಷ್ಟು ಐತೆ. ಬೆಳಿಗ್ಗೆ ಎದ್ದರೆ ಏನು ಮಾಡೋದು ಅನ್ನೋದೇ ತೋಚಲ್ಲ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ನೀವೂ ರಿಟೈರ್ ಆಗಿದ್ದೀರಲ್ಲ, ನೀವೇನು ಮಾಡ್ತೀರಿ?’ ಎಂದು ಕೇಳಿದ.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಿವೃತ್ತಿಯ ಮರುದಿನದಿಂದ ನಾನು ಅನುಭವಿಸುತ್ತಿದ್ದುದೂ ಅದೇ ಪುರುಸೊತ್ತು. ಕಾಯುವುದಕ್ಕೆ ಏನಾದರೂ ಇರುವವನ ಬಿಡುವೇ ಬೇರೆ, ಕಾಯಲು ಏನೂ ಇಲ್ಲದವನ ಬಿಡುವೇ ಬೇರೆ. ಮೊದಲನೆಯದು ಸಾವಧಾನ, ಎರಡನೆಯದು ಬರಿದಾದ ಹೊತ್ತು. ಹಗ್ಗ ಹೊಸೆಯುತ್ತಿದ್ದ ಆ ಹಿರಿಯರ ಕೈಗಳು ನನಗೆ ನೆನಪಾದವು. ಸಿರಿ ಬಂದರೂ ಬಡತನ ಬಂದರೂ ಮನುಷ್ಯನಿಗೆ ಹದ ನೋಡುವ ಕೆಲಸವೊಂದು ಉಳಿದಿರಬೇಕು. ಅದನ್ನು ಉಳಿಸದ ಏಳಿಗೆ ಅವನಿಗೆ ಕಾಲವನ್ನು ಕೊಟ್ಟಂತೆ ತೋರಿ, ಕಾಲದ ರುಚಿಯನ್ನು ಕಸಿದುಕೊಳ್ಳುತ್ತದೆ.

ಹೊರಡುವಾಗ ಆ ಯುವಕ ಮನೆಯ ಹಿತ್ತಿಲನ್ನು ತೋರಿಸಿದ. ನಾಲ್ಕು ಮಾರು ನೆಲವನ್ನು ಅಗೆದು ಹಸನು ಮಾಡಿದ್ದ. ‘ನಾಲ್ಕು ಸಾಲು ಕಾಯಿ ಹಾಕೋಣ ಅಂತ’ ಎಂದ, ನಾಚಿಕೊಂಡವನಂತೆ. ‘ಯಾವಾಗ?’ ಎಂದೆ.

ಅವನು ಆಕಾಶದ ಕಡೆ ನೋಡಿ, ‘ಇನ್ನೂ ಹದ ಬಂದಿಲ್ಲ ಸಾರ್’ ಎಂದ.