ಚೆರ್ರಿಯ ಎಲೆ ಮುದುಡಿತೇಕೆ?



1910ರ ಜನವರಿ ತಿಂಗಳು. ಜಪಾನಿನ ಟೋಕಿಯೋ ನಗರವು ಸ್ನೇಹದ ಕುರುಹಾಗಿ ಕಳುಹಿಸಿದ 2,000 ಚೆರ್ರಿ ಗಿಡಗಳು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಬಂದು ತಲುಪಿದವು. ಅವು ಹಣ್ಣಿಗಾಗಿ ಬೆಳೆಸುವ ಚೆರ್ರಿಗಳಲ್ಲ; ವಸಂತದಲ್ಲಿ ಮೈತುಂಬ ಹೂ ಹೊತ್ತು ನಿಲ್ಲುವ ಅಲಂಕಾರಿಕ ಚೆರ್ರಿಗಳು. ನೆಡುವ ಮೊದಲು ಕೃಷಿ ಇಲಾಖೆಯ ತಜ್ಞರು ಅವುಗಳನ್ನು ಪರೀಕ್ಷಿಸಿದರು. ಕೀಟಗಳು, ಜಂತುಹುಳುಗಳು, ರೋಗದ ಗುರುತುಗಳು ಕಂಡುಬಂದವು. ಅಧ್ಯಕ್ಷ ಟಾಫ್ಟ್ ಅವರ ಒಪ್ಪಿಗೆ ಪಡೆದು, ಜನವರಿ 28ರಂದು ಗಿಡಗಳಿಗೆ ಬೆಂಕಿ ಇಡಲಾಯಿತು.

ಒಂದು ದೇಶ ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು ಸುಡುವುದೆಂದರೆ ಸಣ್ಣ ಮಾತಲ್ಲ. ಪರೀಕ್ಷೆ ತಪ್ಪಾಗಿದ್ದರೆ ವೃಥಾ ಮನಸ್ತಾಪ. ಪರೀಕ್ಷೆ ಸರಿಯಾಗಿದ್ದೂ ಸಂಕೋಚದಿಂದ ಸುಮ್ಮನಿದ್ದರೆ ಆ ದೇಶದ ತೋಟಗಳಿಗೇ ಅಪಾಯ. ಸಸ್ಯಗಳ ರೋಗನಿದಾನ ಎಷ್ಟು ಹೊಣೆಯ ಕೆಲಸ ಎಂಬುದಕ್ಕೆ ಇದೊಂದು ಉದಾಹರಣೆ. ಅದೇ ಅಲಂಕಾರಿಕ ಚೆರ್ರಿ ಮರದ ಎಲೆ ಮುದುಡಿ ಕಂದುಬಣ್ಣಕ್ಕೆ ತಿರುಗಿದಾಗ ಕಾರಣವನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲಿಗೆ ಒಂದು ತೊಡಕನ್ನು ತಿಳಿದುಕೊಳ್ಳಬೇಕು. ಎಲೆಗೆ ತನ್ನ ಸಂಕಟ ಹೇಳಿಕೊಳ್ಳಲು ಇರುವ ಮಾರ್ಗಗಳು ಕೆಲವೇ. ನೀರು ಸಾಲದಿದ್ದರೂ ಅದು ಮುದುಡುತ್ತದೆ. ಬೇರಿನ ಬಳಿ ನೀರು ನಿಂತು ಕೊಳೆತರೂ ಮುದುಡುತ್ತದೆ. ಕೀಟ ರಸ ಹೀರಿದರೂ, ಶಿಲೀಂಧ್ರ ಹೊಕ್ಕರೂ ಕೊನೆಗೆ ಕಂದುಬಣ್ಣವೇ. ಜ್ವರ ಹೇಗೆ ಹತ್ತಾರು ಕಾಯಿಲೆಗಳ ಲಕ್ಷಣವೋ ಹಾಗೆಯೇ ಇದೂ. ಜ್ವರ ಬಂದಿದೆ ಎಂದಷ್ಟೇ ಕೇಳಿ ಯಾವ ವೈದ್ಯರೂ ಔಷಧಿ ಬರೆದುಕೊಡುವುದಿಲ್ಲ.

ಎರಡನೆಯದಾಗಿ, ಗಿಡ ಯಾವುದು, ಆರೋಗ್ಯವಾಗಿದ್ದಾಗ ಅದು ಹೇಗಿರುತ್ತದೆ ಎಂಬುದು ಗೊತ್ತಿರಬೇಕು. ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಟಬೂಬಿಯಾ ಮರವನ್ನು ಚೆರ್ರಿ ಎಂದು ಕರೆಯುವವರಿದ್ದಾರೆ. ಅದು ಉಷ್ಣವಲಯದ ಅಮೆರಿಕದಿಂದ ಬಂದ ಬೇರೆಯೇ ಕುಟುಂಬದ ಮರ. ಚೆರ್ರಿಯ ರೋಗಗಳ ಪಟ್ಟಿ ಅದಕ್ಕೆ ಹೊಂದದು. ನಮ್ಮ ದೇಶದ ನಿಜವಾದ ಹೂಚೆರ್ರಿಯನ್ನು ನೋಡಬೇಕಾದರೆ ಹಿಮಾಲಯದ ತಪ್ಪಲಿಗೋ, ನವೆಂಬರಿನಲ್ಲಿ ಶಿಲ್ಲಾಂಗಿಗೋ ಹೋಗಬೇಕು. ಇನ್ನು, ಮಾವಿನ ಚಿಗುರು ತಾಮ್ರದ ಬಣ್ಣಕ್ಕಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅದನ್ನು ಯಾರೂ ರೋಗ ಎನ್ನುವುದಿಲ್ಲ. ಕಾಂಜಾನ್ ಎಂಬ ಚೆರ್ರಿ ತಳಿಯ ಚಿಗುರೂ ಹಾಗೆಯೇ ಕಂಚಿನ ಬಣ್ಣದ್ದು. ಶರತ್ಕಾಲದಲ್ಲಿ ಚೆರ್ರಿ ಎಲೆಗಳು ಕೆಂಪಾಗಿ, ಕಂದಾಗಿ ಉದುರುವುದು ಸಹಜ. ವಸಂತದಲ್ಲೋ ಬೇಸಿಗೆಯ ನಡುವೆಯೋ ಹಾಗಾದರೆ ಮಾತ್ರ ವಿಚಾರಿಸಬೇಕು.

ನಾನು ಓದಿದ್ದು ವಿಜ್ಞಾನ, ದುಡಿಯುತ್ತಿರುವುದು ಕ್ಯಾಮೆರಾಗಳ ನಡುವೆ. ಒಂದು ಸ್ಥಳವನ್ನು ಪರಿಚಯಿಸುವಾಗ ನಾವು ಮೊದಲು ಲಾಂಗ್ ಶಾಟ್, ಅನಂತರ ಮಿಡ್ ಶಾಟ್, ಕೊನೆಗೆ ಕ್ಲೋಸಪ್ ತೋರಿಸುತ್ತೇವೆ. ಗಿಡದ ರೋಗನಿದಾನಕ್ಕೂ ಇದೇ ಕ್ರಮ ಚೆನ್ನಾಗಿ ಒಪ್ಪುತ್ತದೆ. ಸಾಮಾನ್ಯವಾಗಿ ಜನ ಒಂದು ಎಲೆ ಕಿತ್ತು ನೇರವಾಗಿ ಕ್ಲೋಸಪ್ಪಿಗೆ ಹೋಗಿಬಿಡುತ್ತಾರೆ.

ಮೊದಲು ಲಾಂಗ್ ಶಾಟ್. ಹತ್ತು ಹೆಜ್ಜೆ ಹಿಂದೆ ಸರಿದು ಇಡೀ ಮರವನ್ನೂ ಅದರ ನೆರೆಹೊರೆಯನ್ನೂ ನೋಡಿ. ಮರದ ತುಂಬ ಒಂದೇ ಸಮನಾಗಿ, ಅಥವಾ ಗಾಳಿ ಬಿಸಿಲು ಹೊಡೆಯುವ ಬದಿಗೆ ಹೆಚ್ಚಾಗಿ ಎಲೆಗಳು ಕಂದಿವೆಯೆ? ಪಕ್ಕದ ಬೇರೆ ಜಾತಿಯ ಗಿಡಗಳಲ್ಲೂ ಹೀಗೇ ಆಗಿದೆಯೆ? ಹಾಗಿದ್ದರೆ ಕಾರಣ ಬಹುಮಟ್ಟಿಗೆ ನಿರ್ಜೀವವಾದದ್ದು: ನೀರು, ಶಾಖ, ಮಣ್ಣು, ಅಥವಾ ಬೇರನ್ನು ಕತ್ತರಿಸಿದ ಅಗೆತ. ರೋಗಾಣುಗಳೂ ಕೀಟಗಳೂ ಹೀಗೆ ಸಮನಾಗಿ ಹಂಚಿಕೊಂಡು ಬರುವುದು ಅಪರೂಪ. ಅವು ಒಂದು ಕಡೆ ಶುರುವಾಗಿ, ಅಲ್ಲಲ್ಲಿ ಹರಡುತ್ತವೆ. ತಮಗೆ ಒಗ್ಗುವ ಜಾತಿಯ ಗಿಡಗಳನ್ನೇ ಆರಿಸಿಕೊಳ್ಳುತ್ತವೆ.

ಇಲ್ಲಿ ಚೆರ್ರಿ ಮರ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ಜಪಾನಿನಲ್ಲಿ ಅತಿ ಹೆಚ್ಚಾಗಿ ಕಾಣುವ ಸೊಮೆಯ್ ಯೊಶಿನೊ ಎಂಬ ಹೂಚೆರ್ರಿಯನ್ನು ಬೀಜದಿಂದಲ್ಲ, ಕಸಿಯಿಂದ ಬೆಳೆಸುತ್ತಾರೆ. ಆದ್ದರಿಂದ ಆ ತಳಿಯ ಮರಗಳೆಲ್ಲವೂ ಆನುವಂಶಿಕವಾಗಿ ಒಂದೇ, ಅವಳಿಗಳಿದ್ದಂತೆ. ಸಾಲಿನಲ್ಲಿ ಒಂದು ಮರ ಹಸಿರಾಗಿದ್ದು ಪಕ್ಕದ್ದು ಕಂದಿದ್ದರೆ ವ್ಯತ್ಯಾಸ ಹುಟ್ಟಿನಲ್ಲಿಲ್ಲ, ಅದು ನಿಂತ ನೆಲದಲ್ಲೋ ಅದಕ್ಕೆ ತಗುಲಿದ ಸೋಂಕಿನಲ್ಲೋ ಇರಬೇಕು. ಪ್ರಯೋಗಾಲಯದಲ್ಲಿ ನೀವು ಇಡುವ ಹೋಲಿಕೆಯ ನಮೂನೆ ಇಲ್ಲಿ ರಸ್ತೆಯ ಬದಿಯಲ್ಲೇ ಸಿಗುತ್ತದೆ.

ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ನೋಡುವುದೂ ಲಾಂಗ್ ಶಾಟಿನ ಭಾಗವೇ. ಎಲೆಯ ಅಂಚಿಗೆ ನೀರು ಕಟ್ಟಕಡೆಗೆ ತಲುಪುವುದರಿಂದ ನೀರಿನ ಕೊರತೆಯಾದಾಗ ಅಂಚೂ ತುದಿಯೂ ಮೊದಲು ಸುಟ್ಟಂತಾಗುತ್ತವೆ. ಆದರೆ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದು; ಉಸಿರುಕಟ್ಟಿದ ಬೇರು ನೀರಿನಲ್ಲಿ ಮುಳುಗಿದ್ದೂ ನೀರೆತ್ತಲಾರದು. ಆಗಲೂ ಎಲೆ ಬಾಡುತ್ತದೆ. ಪಾಪ, ಬಾಯಾರಿರಬೇಕೆಂದು ಇನ್ನೂ ನಾಲ್ಕು ಕೊಡ ನೀರು ಸುರಿದರೆ ಮರವನ್ನು ಕೊಂದಂತೆ. ವಾಷಿಂಗ್ಟನ್ನಿನ ಟೈಡಲ್ ಬೇಸಿನ್ ಸರೋವರದ ದಂಡೆಯಲ್ಲಿ ತಡೆಗೋಡೆ ಕುಸಿದು, ಉಬ್ಬರದ ನೀರು ಮತ್ತೆಮತ್ತೆ ಚೆರ್ರಿಗಳ ಬುಡಕ್ಕೆ ನುಗ್ಗುತ್ತಿತ್ತು. ಟೊಳ್ಳಾದ ಕಾಂಡದ, ಆದರೂ ವರ್ಷವರ್ಷ ಹೂ ಬಿಡುತ್ತಿದ್ದ ಒಂದು ಮರವನ್ನು ಜನ ಅಕ್ಕರೆಯಿಂದ ‘ಸ್ಟಂಪಿ’, ಅಂದರೆ ಮೋಟು ಎಂದು ಕರೆಯುತ್ತಿದ್ದರು. 2024ರಲ್ಲಿ ಗೋಡೆಯ ದುರಸ್ತಿಗಾಗಿ ಸ್ಟಂಪಿಯೂ ಸೇರಿದಂತೆ ಸುಮಾರು 140 ಚೆರ್ರಿ ಮರಗಳನ್ನು ತೆಗೆಯಬೇಕಾಯಿತು. ಎಲೆಗೆ ಯಾವ ಔಷಧಿ ಹೊಡೆದಿದ್ದರೂ ಪ್ರಯೋಜನವಿರಲಿಲ್ಲ, ಕೆಟ್ಟಿದ್ದು ನೆಲ.

ಈಗ ಮಿಡ್ ಶಾಟ್, ಅಂದರೆ ಕೊಂಬೆ. ಒಂದೇ ಕೊಂಬೆ ಸೊರಗಿದ್ದರೆ ಎಲೆಯಿಂದ ಹಿಂದಕ್ಕೆ, ತೊಗಟೆಯ ಗುಂಟ ಕಣ್ಣು ಹಾಯಿಸಿ. ತೊಗಟೆ ಒಳಗೆ ಕುಸಿದು ಗೋಂದು ಒಸರುತ್ತಿದ್ದರೆ ಬ್ಯಾಕ್ಟೀರಿಯಾದಿಂದ ಬರುವ ತೊಗಟೆಹುಣ್ಣು ಇರಬಹುದು. ಒಣಗಿದ ಹೂಗಳು ಉದುರದೆ ರೆಂಬೆಗೇ ಅಂಟಿಕೊಂಡು, ಅಲ್ಲಿಂದ ಮುಂದಿನ ಎಲೆಗಳು ಜೋತುಬಿದ್ದಿದ್ದರೆ ಹೂವಿನ ಮೂಲಕ ಹೊಕ್ಕ ಶಿಲೀಂಧ್ರದ ಮೇಲೆ ಅನುಮಾನ. ಒಂದೇ ಕಡೆ ಪೊರಕೆಯಂತೆ ಸಣ್ಣ ರೆಂಬೆಗಳು ಗುಂಪುಗುಂಪಾಗಿ ಎದ್ದು, ಹೂ ಬಿಡದೆ ಬರೀ ಎಲೆ ತಳೆದಿದ್ದರೆ ಅದು ಟ್ಯಾಫ್ರಿನಾ ಎಂಬ ಶಿಲೀಂಧ್ರದ ಕೆಲಸ. ಜಪಾನೀಯರು ಇದನ್ನು ತಮ್ಮ ಪುರಾಣದ ತೆಂಗು ಎಂಬ ಭೂತದ ಗೂಡು ಎನ್ನುತ್ತಾರೆ. ಸೊಮೆಯ್ ಯೊಶಿನೊಗೆ ಇದರ ಕಾಟ ಹೆಚ್ಚು. ಆ ಗೂಡನ್ನು ಕತ್ತರಿಸಿ ತೆಗೆಯುವುದೇ ಉಪಾಯ.

ಕೊನೆಗೆ ಕ್ಲೋಸಪ್. ಎಲೆಯನ್ನು ಮಗುಚಿ ನೋಡಿ, ಸುರುಳಿಯನ್ನು ಬಿಚ್ಚಿ ನೋಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರವಿದ್ದರೆ ಸಾಕು. ಚಿಗುರೆಲೆಗಳು ಬಿಗಿಯಾಗಿ ಸುತ್ತಿಕೊಂಡು, ಒಳಗೆ ಕರಿಬಣ್ಣದ ಸಣ್ಣ ಹೇನುಗಳಿದ್ದರೆ ಅದು ಚೆರ್ರಿಯ ಸಸ್ಯಹೇನು. ಅವು ಒಸರುವ ಸಿಹಿ ಅಂಟಿಗಾಗಿ ಇರುವೆಗಳ ಸಾಲು ಕಾಂಡವನ್ನು ಹತ್ತಿರುತ್ತದೆ. ಮಧ್ಯಬೇಸಿಗೆಯ ಹೊತ್ತಿಗೆ ಹೇನುಗಳು ಬೇರೆ ಕಳೆಗಿಡಗಳಿಗೆ ವಲಸೆ ಹೋಗುತ್ತವೆ. ಆಮೇಲೆ ಬಿಚ್ಚಿ ನೋಡಿದವರಿಗೆ ಸಿಗುವುದು ಅವು ಕಳಚಿಟ್ಟ ಬಿಳಿ ಪೊರೆ ಮಾತ್ರ. ಆ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದರೆ ಸಾಯುವುದು ಹೇನನ್ನು ತಿನ್ನಲು ಬಂದ ಗುಲಗಂಜಿ ಹುಳು. ಒಮ್ಮೆ ಸುರುಳಿಯಾದ ಎಲೆ ಮತ್ತೆ ಬಿಚ್ಚಿಕೊಳ್ಳುವುದೂ ಇಲ್ಲ.

ಎಲೆಯ ನಡುವೆ ನೇರಳೆ ಬಣ್ಣದ ಚುಕ್ಕೆಗಳಿದ್ದು, ಕಂದಾಗಿ, ಉದುರಿ ತೂತುಗಳಾಗಿದ್ದರೆ ಎಲೆಚುಕ್ಕೆ ರೋಗವಿರಬಹುದು. ಅದರ ಶಿಲೀಂಧ್ರ ಬಿದ್ದ ಎಲೆಗಳಲ್ಲಿ ಚಳಿಗಾಲ ಕಳೆದು, ಮಳೆಯ ವಸಂತದಲ್ಲಿ ಮತ್ತೆ ಮರವೇರುತ್ತದೆ. ತರಗೆಲೆ ಗುಡಿಸಿ ತೆಗೆಯುವುದು ಇಲ್ಲಿ ಅರ್ಧ ಚಿಕಿತ್ಸೆ. ಆದರೆ ಎಚ್ಚರ: ತೊಗಟೆಹುಣ್ಣಿನ ಬ್ಯಾಕ್ಟೀರಿಯಾವೂ ಎಲೆಯಲ್ಲಿ ಇಂಥವೇ ತೂತುಗಳನ್ನು ಮಾಡುತ್ತದೆ. ಕ್ಲೋಸಪ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಗೋಂದು ಒಸರುತ್ತಿದೆಯೇ ಎಂದು ಮತ್ತೆ ಕೊಂಬೆಗೆ ಹಿಂತಿರುಗಬೇಕು. ಆಗಲೂ ಸಂದೇಹ ಉಳಿದರೆ ನಮೂನೆಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದೇ ಸರಿಯಾದ ದಾರಿ.

ಈ ಕ್ರಮವನ್ನು ಕಲಿಯಲು ಚೆರ್ರಿ ಮರವೇ ಬೇಕೆಂದಿಲ್ಲ. ನಮ್ಮ ಹಿತ್ತಲಿನ ಮೆಣಸಿನ ಗಿಡಕ್ಕೆ ಮುಟುರು ರೋಗ ಬರುತ್ತದಲ್ಲ, ಅದನ್ನು ಗಮನಿಸಿ. ಎಲೆಯ ಅಂಚು ಮೇಲಕ್ಕೆ ಮಡಿಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಿಚಿದ್ದರೆ ಮೈಟ್ ನುಸಿ. ಥ್ರಿಪ್ಸ್ ಕೀಟ, ಮೈಟ್ ಜೇಡದ ಬಳಗದ್ದು. ಕೀಟಕ್ಕೆಂದು ಮಾಡಿದ ಔಷಧಿ ಎಷ್ಟೋ ವೇಳೆ ಮೈಟಿಗೆ ತಾಗುವುದಿಲ್ಲ. ಮಡಿಕೆಯ ದಿಕ್ಕನ್ನು ನೋಡದೆ ಔಷಧಿ ಕೊಂಡ ರೈತನ ಹಣವೂ ಹೋಯಿತು, ಬೆಳೆಯೂ ಹೋಯಿತು.

ಸುಟ್ಟುಹಾಕಿದ ಆ ಉಡುಗೊರೆ ಏನಾಯಿತೆಂದು ನೀವು ಕೇಳಬಹುದು. ಟೋಕಿಯೋದ ಮೇಯರ್ ಯುಕಿಯೊ ಒಜಾಕಿ ಮುನಿಸಿಕೊಳ್ಳಲಿಲ್ಲ. ಅರಕಾವಾ ನದಿಯ ದಂಡೆಯ ಮರಗಳಿಂದ ಕಸಿಕಡ್ಡಿ ಆಯ್ದು, ಎಚ್ಚರದಿಂದ ಹೊಸ ಗಿಡಗಳನ್ನು ಬೆಳೆಸಲಾಯಿತು. ಹೀಗೆ ಬಂದ 3,020 ಗಿಡಗಳು ಪರೀಕ್ಷೆಯಲ್ಲಿ ತೇರ್ಗಡೆಯಾದವು. 1912ರ ಮಾರ್ಚ್ 27ರಂದು ಮೊದಲ ಎರಡು ಗಿಡಗಳನ್ನು ನೆಟ್ಟರು. ಅದೇ ವರ್ಷ ಅಮೆರಿಕದಲ್ಲಿ ಸಸ್ಯ ಸಂಗರೋಧ ಕಾಯಿದೆಯೂ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಕಾವಾ ದಂಡೆಯ ಮೂಲ ತೋಪು ಸೊರಗಿಹೋದಾಗ, ಅದನ್ನು ಮತ್ತೆ ಬೆಳೆಸಲು 1952ರಲ್ಲಿ ಕಸಿಕಡ್ಡಿಗಳು ಹೋದದ್ದು ವಾಷಿಂಗ್ಟನ್ನಿನ ಮರಗಳಿಂದಲೇ. ಅಂದು ಗಿಡಗಳನ್ನು ಸರಿಯಾಗಿ ಪರೀಕ್ಷಿಸಿದ್ದರಿಂದ ಎರಡು ದೇಶಗಳ ಮರಗಳೂ ಉಳಿದವು.

ಈ ವಾರ ನಿಮ್ಮ ಮನೆಯ ಅಥವಾ ಶಾಲೆಯ ಬಳಿಯ ಒಂದು ಗಿಡವನ್ನು ಆರಿಸಿಕೊಳ್ಳಿ. ದೂರದಿಂದ, ಕೊಂಬೆಯ ಬಳಿಯಿಂದ, ಕೊನೆಗೆ ಎಲೆ ಮಗುಚಿ, ಹೀಗೆ ಮೂರು ಬಾರಿ ನೋಡಿ, ಕಂಡದ್ದನ್ನು ದಿನಾಂಕದೊಡನೆ ಬರೆದಿಡಿ. ರೋಗಕ್ಕೆ ಹೆಸರು ಕೊಡುವುದು ಅನಂತರ. ಔಷಧಿಯ ಸೀಸೆಗೆ ಕೈಹಾಕುವುದು ಅದಕ್ಕೂ ಅನಂತರ.